ಗೋಥೆನ್‌ಬರ್ಗ್‌ಗೆ ಬರುವವರು ಜಾಕೆಟ್‌ಗಿಂತ ಮುಂಚೆ ನೋಡಿಕೊಳ್ಳಬೇಕಾದದ್ದು

"ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಕೆಲಸ ಸಿಕ್ಕಿದೆ. ಬರುವ ಮುಂಚೆ ಏನು ತಯಾರಿ ಮಾಡಿಕೊಳ್ಳಬೇಕು? ಎಂಥ ಜಾಕೆಟ್ ತರಬೇಕು?" ಬೆಂಗಳೂರಿನಿಂದ ನನಗೆ ಬರುವ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಹೀಗೇ ಶುರುವಾಗುತ್ತವೆ. ಬಿಎಂಟಿಸಿ ವೋಲ್ವೊದಲ್ಲಿ ಓಡಾಡಿದವರಿಗೆ ವೋಲ್ವೊ ಹುಟ್ಟಿದ ಊರಲ್ಲೇ ಕೆಲಸ ಸಿಕ್ಕರೆ ಖುಷಿಯಾಗುವುದು ಸಹಜ. ಅಂದಹಾಗೆ ಕಾರಿನ ವೋಲ್ವೊ ಬೇರೆ, ಬಸ್ಸು-ಲಾರಿಯ ವೋಲ್ವೊ ಬೇರೆ. 1999ರಲ್ಲೇ ಎರಡೂ ಪಾಲಾಗಿವೆ. ಆಫರ್ ಲೆಟರ್‌ನಲ್ಲಿ ಯಾವುದು ಅಂತ ನೋಡಿಕೊಳ್ಳಿ, ನೆಂಟರು ಕೇಳೇ ಕೇಳುತ್ತಾರೆ.

ಜಾಕೆಟ್ ಇಲ್ಲೇ ತಗೊಳ್ಳಿ. ಇದು ಕಡಲ ತೀರದ ಊರು. ಹಿಮಕ್ಕಿಂತ ಗಾಳಿಯ ಜೊತೆ ಅಡ್ಡಡ್ಡ ಬರುವ ಮಳೆಯೇ ಜಾಸ್ತಿ, ಅದಕ್ಕೆ ಬೇಕಾದ ಬಟ್ಟೆ ಇಲ್ಲಿನ ಅಂಗಡಿಗಳಲ್ಲೇ ಚೆನ್ನಾಗಿ ಸಿಗುತ್ತದೆ. ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ವಿಳಾಸದ ಬಗ್ಗೆ.

ಯಾಕೆ ಹೇಳುತ್ತೇನೆ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇರಲು ಬಂದವರು ಸ್ಕಾತೆವೆರ್ಕೆತ್‌ನಲ್ಲಿ, ಅಂದರೆ ಇಲ್ಲಿನ ತೆರಿಗೆ ಇಲಾಖೆಯಲ್ಲಿ, ಹೆಸರು ನೋಂದಾಯಿಸಬೇಕು. ಆಮೇಲೆ ಅವರು ಪರ್ಸನಲ್ ನಂಬರ್ ಕೊಡುತ್ತಾರೆ. ಹುಟ್ಟಿದ ದಿನಾಂಕ, ಅದರ ಹಿಂದೆ ನಾಲ್ಕು ಅಂಕಿ. ನಂಬರ್ ಇದ್ದರೆ ಐಡಿ ಕಾರ್ಡ್. ಐಡಿ ಕಾರ್ಡ್ ಇದ್ದರೆ ಬ್ಯಾಂಕಿನಲ್ಲಿ ಬ್ಯಾಂಕ್‌ಐಡಿ, ಅಂದರೆ ಫೋನಿನಲ್ಲೇ ನೀವು ಯಾರು ಅಂತ ತೋರಿಸುವ ಗುರುತು. ಬ್ಯಾಂಕ್‌ಐಡಿ ಇದ್ದರೆ ಸ್ವಿಶ್‌ನಲ್ಲಿ ಹಣ ಕಳಿಸುವುದು, ಆಸ್ಪತ್ರೆಯ ಅಪಾಯಿಂಟ್‌ಮೆಂಟ್, ಮಗುವಿನ ಶಾಲೆ, ಕರೆಂಟ್ ಕನೆಕ್ಷನ್ ಎಲ್ಲಾ ಫೋನಿನಲ್ಲೇ ಆಗುತ್ತದೆ. ಆದರೆ ಈ ನೋಂದಣಿಗೇ ನೀವು ಎಲ್ಲಿ ವಾಸ ಇದ್ದೀರಿ ಅಂತ ಹೇಳಬೇಕು. ಆ ಮನೆಯ ವಿಳಾಸ ಸರಿಯಿಲ್ಲದಿದ್ದರೆ ಇಡೀ ಸಾಲು ಅಲ್ಲೇ ನಿಲ್ಲುತ್ತದೆ.

ಮನೆ ಹುಡುಕುವುದು ಸುಲಭ ಅಂತ ನಾನು ಸುಳ್ಳು ಹೇಳುವುದಿಲ್ಲ. ನೇರ ಬಾಡಿಗೆ ಮನೆಗಳು ಬೂಪ್ಲಾಟ್ಸ್ ಅನ್ನುವ ಕ್ಯೂ ಮೂಲಕ ಸಿಗುತ್ತವೆ. ಅದು ವರ್ಷಗಟ್ಟಲೆಯ ಕ್ಯೂ. ಬಂದ ವಾರವೇ ಹೆಸರು ಹಾಕಿಡಿ, ಮುಂದೆಂದೋ ಉಪಯೋಗಕ್ಕೆ ಬರುತ್ತದೆ. ಸದ್ಯಕ್ಕೆ ನಿಮಗೆ ಸಿಗುವುದು ಒಳಬಾಡಿಗೆ, ಅಂದರೆ ಯಾರದೋ ಫ್ಲ್ಯಾಟನ್ನು ಒಂದಷ್ಟು ಕಾಲಕ್ಕೆ ಬಾಡಿಗೆಗೆ ಪಡೆಯುವುದು. ಕಾಸಾದಂಥ ಸೈಟುಗಳಲ್ಲಿ ನೋಡಬಹುದು. ಕಂಪನಿ ಮೊದಲ ಒಂದೆರಡು ತಿಂಗಳಿಗೆ ಮನೆ ಕೊಡುತ್ತದೆಯೇ ಅಂತ ಆಫರ್ ಒಪ್ಪುವ ಮುಂಚೆಯೇ ಕೇಳಿ. ಸಂಬಳಕ್ಕೆ ಚೌಕಾಸಿ ಮಾಡುವಷ್ಟೇ ಗಟ್ಟಿಯಾಗಿ ಕೇಳಿ.

ಒಳಬಾಡಿಗೆಗೆ ಮನೆಯ ಮಾಲೀಕರ ಅಥವಾ ಕಟ್ಟಡದ ಸಂಘದ ಒಪ್ಪಿಗೆ ಇರಬೇಕು. ಅದನ್ನು ಬರಹದಲ್ಲಿ ತೋರಿಸಲು ಹೇಳಿ. "ಇರಬಹುದು, ಆದರೆ ಈ ವಿಳಾಸಕ್ಕೆ ನೋಂದಣಿ ಮಾಡಿಸಬೇಡಿ" ಅನ್ನುವವರ ಮನೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ಇನ್ನು ಕೆಲವರು ತಾವು ಬೇರೆ ದೇಶದಲ್ಲಿದ್ದೇವೆ, ಮೊದಲು ಡೆಪಾಸಿಟ್ ಕಳಿಸಿ, ಕೀ ಪೋಸ್ಟಿನಲ್ಲಿ ಬರುತ್ತದೆ ಅನ್ನುತ್ತಾರೆ. ಕೀ ಬರುವುದಿಲ್ಲ. ನೀವೋ, ಇಲ್ಲಿರುವ ಪರಿಚಯದವರೋ ಮನೆಯೊಳಗೆ ಕಾಲಿಟ್ಟು ನೋಡುವ ತನಕ ಒಂದು ಕ್ರೋನಾ ಕೂಡ ಕಳಿಸಬೇಡಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಮಾತ್ರ ಇಲ್ಲಿಲ್ಲ, ಅಷ್ಟು ಕೇಳಿದರೂ ಅನುಮಾನ ಪಡಿ.

ನೋಂದಣಿಯ ಫಾರಂನಲ್ಲಿ ಫ್ಲ್ಯಾಟ್ ನಂಬರ್ ಅಂತ ನಾಲ್ಕು ಅಂಕಿ ಕೇಳುತ್ತಾರೆ. ಮೊದಲ ಎರಡು ಅಂಕಿ ಮಹಡಿ, ಪ್ರವೇಶದ್ವಾರದ ಮಹಡಿಗೆ 10. ಆಮೇಲಿನ ಎರಡು, ಆ ಮಹಡಿಯಲ್ಲಿ ಎಡದಿಂದ ಎಷ್ಟನೇ ಬಾಗಿಲು ಅನ್ನುವುದು. 1102 ಅಂದರೆ ಒಂದು ಮಹಡಿ ಮೇಲೆ, ಎರಡನೇ ಬಾಗಿಲು. ಬಾಗಿಲಿನ ಮೇಲೆ ಅಥವಾ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸುವುದನ್ನೂ ಮರೆಯಬೇಡಿ. ಪೋಸ್ಟಿನವರು ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ನೀವು ವಾರಗಟ್ಟಲೆ ಕಾದ ಪರ್ಸನಲ್ ನಂಬರಿನ ಕಾಗದ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ ಹೋಗುತ್ತದೆ.

ಕುಟುಂಬ ಸಮೇತ ಬರುವವರು ಮದುವೆ ಸರ್ಟಿಫಿಕೇಟ್, ಮಕ್ಕಳ ಬರ್ತ್ ಸರ್ಟಿಫಿಕೇಟ್ ಎರಡಕ್ಕೂ ಭಾರತದಲ್ಲೇ ಅಪಾಸ್ಟಿಲ್ (ಬೇರೆ ದೇಶದಲ್ಲೂ ಒಪ್ಪುವ ಸರ್ಕಾರಿ ದೃಢೀಕರಣ) ಮಾಡಿಸಿ, ಮೂಲ ಪ್ರತಿಯನ್ನೇ ಕೈಚೀಲದಲ್ಲಿ ತನ್ನಿ. ಇಲ್ಲಿಗೆ ಬಂದ ಮೇಲೆ ಮಾಡಿಸುವುದು ದೊಡ್ಡ ತಲೆನೋವು.

ನಂಬರ್ ಬರುವ ತನಕ ಭಾರತದ ಫಾರೆಕ್ಸ್ ಕಾರ್ಡ್ ಇಟ್ಟುಕೊಳ್ಳಿ. ಸಂಬಳ ಸಾಮಾನ್ಯವಾಗಿ 25ನೇ ತಾರೀಖು. ತಿಂಗಳ ಕೊನೆಯಲ್ಲಿ ಬಂದು ಇಳಿದರೆ ಮೊದಲ ಸಂಬಳಕ್ಕೆ ಸುಮಾರು ಒಂದು ತಿಂಗಳು ಕಾಯಬೇಕು ಅಂತ ಲೆಕ್ಕ ಹಾಕಿ. ನೋಟು ಹೆಚ್ಚು ತರಬೇಡಿ. ಟ್ರಾಮ್‌ನಲ್ಲಿ ನೋಟು ಕೊಟ್ಟು ಟಿಕೆಟ್ ಕೊಳ್ಳಲಾಗುವುದಿಲ್ಲ, ವೆಸ್ಟ್‌ಟ್ರಾಫಿಕ್ ಆ್ಯಪ್ ಹಾಕಿಕೊಂಡರೆ ಸಾಕು. ಕುಕ್ಕರ್ ತರುವುದಾದರೆ ಇಂಡಕ್ಷನ್ ತಳದ್ದು ತನ್ನಿ. ಹೆಚ್ಚಿನ ಮನೆಗಳಲ್ಲಿ ಇರುವುದು ಕರೆಂಟಿನ ಒಲೆ.

ಕೆಲಸದ ವಿಷಯಕ್ಕೆ ಬಂದರೆ, ನಾನು ಒತ್ತಿ ಹೇಳುವುದು ಒಂದೇ. ಮೊದಲ ತಿಂಗಳಲ್ಲೇ ಆ-ಕಸ್ಸಾಗೆ ಸೇರಿ. ಅದು ನಿರುದ್ಯೋಗ ವಿಮೆ. ಕೆಲಸ ಹೋದರೆ ಸಂಬಳದ ಒಂದು ಭಾಗ ಸಿಗುತ್ತದೆ, ಆದರೆ ಸದಸ್ಯರಿಗೆ ಮಾತ್ರ. ಕಂಪನಿ ತಾನಾಗಿ ಸೇರಿಸುವುದಿಲ್ಲ. ಯೂನಿಯನ್ ಬೇರೆ, ಇದು ಬೇರೆ. ನಮ್ಮವರು "ಆಮೇಲೆ ನೋಡೋಣ" ಅಂತ ಬಿಡುವುದು ಇದನ್ನೇ. ಕಾರು ಕಂಪನಿಗಳಲ್ಲಿ ಜನರನ್ನು ಕಡಿಮೆ ಮಾಡುವ ಸುದ್ದಿ ಬಂದಾಗ ಓಡಿದರೆ ತಡವಾಗಿರುತ್ತದೆ. ಪ್ರೊಬೇಷನ್ ಹೆಚ್ಚೆಂದರೆ ಆರು ತಿಂಗಳು. ವರ್ಷಕ್ಕೆ ಕನಿಷ್ಠ 25 ದಿನ ರಜೆ ಕಾನೂನಿನಲ್ಲೇ ಇದೆ, ಆದರೆ ಮೊದಲ ವರ್ಷ ಸಂಬಳ ಸಹಿತ ರಜೆ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ. ಜುಲೈನಲ್ಲಿ ಆಫೀಸು ಖಾಲಿ ಹೊಡೆಯುತ್ತದೆ. ಊರಿಗೆ ಹೋಗಲು ಅದೇ ಹೊತ್ತು, ಟಿಕೆಟ್ ಮಾತ್ರ ದುಬಾರಿ.

ಕಾರು ಓಡಿಸುವವರಿಗೆ ಒಂದು ಮಾತು. ಭಾರತದ ಲೈಸೆನ್ಸ್, ನೀವು ಸ್ಕಾತೆವೆರ್ಕೆತ್‌ನಲ್ಲಿ ನೋಂದಣಿಯಾದ ದಿನದಿಂದ ಒಂದು ವರ್ಷ ಮಾತ್ರ ನಡೆಯುತ್ತದೆ. ಬದಲಿಸಿ ಕೊಡುವುದಿಲ್ಲ, ಥಿಯರಿ ಮತ್ತು ಡ್ರೈವಿಂಗ್ ಎರಡೂ ಪರೀಕ್ಷೆ ಬರೆಯಲೇಬೇಕು.

ಚಳಿಗಾಲದ ಕತ್ತಲು ನಿಜ. ಡಿಸೆಂಬರ್ ಕೊನೆಯಲ್ಲಿ ಬೆಳಗ್ಗೆ ಒಂಬತ್ತರ ಹೊತ್ತಿಗೆ ಸೂರ್ಯ ಹುಟ್ಟಿ, ಮಧ್ಯಾಹ್ನ ಮೂರೂವರೆಯೊಳಗೆ ಮುಳುಗುತ್ತಾನೆ. ಆಫೀಸಿಗೆ ಹೋಗುವವರಿಗೆ ಇದು ಅಷ್ಟು ತಾಗುವುದಿಲ್ಲ. ಮನೆಯಲ್ಲಿ ಉಳಿಯುವ ಹೆಂಡತಿಗೋ ಗಂಡನಿಗೋ ತಾಗುತ್ತದೆ, ಆದರೆ ಅವರ ಬಗ್ಗೆ ನನ್ನನ್ನು ಕೇಳುವವರೇ ಕಡಿಮೆ. ಅವರಿಗೆ ನಂಬರ್ ಬಂದ ಕೂಡಲೇ ಎಸ್‌ಎಫ್‌ಐಗೆ, ಅಂದರೆ ಸರ್ಕಾರದ ಉಚಿತ ಸ್ವೀಡಿಷ್ ತರಗತಿಗೆ, ಅರ್ಜಿ ಹಾಕಿಸಿ. ಚಿಕ್ಕ ಮಗು ಇದ್ದರೆ ಹತ್ತಿರದ 'ಓಪ್ನಾ ಫೋರ್‌ಸ್ಕೂಲಾನ್'ಗೆ ಹೋಗಲಿ. ಅಪ್ಪ ಅಮ್ಮ ಮಗುವಿನ ಜೊತೆಯಲ್ಲೇ ಕೂತು ಆಡಿಸುವ ಜಾಗ ಅದು. ದುಡ್ಡು ಕೊಡಬೇಕಿಲ್ಲ, ಬಾಗಿಲು ತೆರೆದಿರುವ ಹೊತ್ತು ನೋಡಿಕೊಂಡು ಸುಮ್ನೆ ಹೋದರಾಯಿತು.