ಎಳ್ಳಮಾವಾಸ್ಯೆ ದಿನ ಚಿಂಚೋಳಿ ದಾರಿಯಲ್ಲಿ

ಹಬ್ಬದ ದಿನ ಬೆಳಗಿನ ನಾಲ್ಕೂವರೆಗೆ ಮಾವನನ್ನು ಎಬ್ಬಿಸಿ ಕಾರು ಹತ್ತಿಸಿದ್ದಕ್ಕೆ ಅತ್ತೆ ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ತಪ್ಪು ನನ್ನದೇ. ಚಿಂಚೋಳಿ ಹತ್ತಿರದ ಎತ್ತಿಪೋತ ಜಲಪಾತದ ಫೋಟೋ ತೆಗೆಯಬೇಕು ಅಂತ ತಿಂಗಳಿಂದ ತಲೆಯಲ್ಲಿ ಕೂತಿತ್ತು. ಎಲ್ಲಿ ಟ್ರೈಪಾಡ್ ಇಡಬೇಕು, ಬಿಸಿಲು ಎಷ್ಟು ಗಂಟೆಗೆ ಬಂಡೆಗೆ ಬೀಳುತ್ತದೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ನಾನು ನೋಡಿದ್ದ ಫೋಟೋಗಳೆಲ್ಲ ಮಳೆಗಾಲದವು ಅನ್ನೋದೊಂದನ್ನು ಮಾತ್ರ ಬರೆದುಕೊಂಡಿರಲಿಲ್ಲ.

ಕಲಬುರಗಿಯಿಂದ ಚಿಂಚೋಳಿ 80 ಚಿಲ್ಲರೆ ಕಿಲೋಮೀಟರ್. ಮಹಾಗಾಂವ ಕ್ರಾಸ್ ಹತ್ತಿರ ಚಹಾ ಕುಡಿದೆವು. ಕತ್ತಲಲ್ಲಿ ಕಪ್ಪು ಮಣ್ಣಿನ ಹೊಲ ಏನೂ ಕಾಣಲಿಲ್ಲ. ಬೆಳಕು ಹರಿಯುವಾಗ ಮಣ್ಣು ಕೆಂಪಾಗಿತ್ತು, ಜಂಬಿಟ್ಟಿಗೆ ನೆಲ ಶುರುವಾಗಿತ್ತು. ಆಮೇಲೆ ಕಾಡು. 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಣೆಯಾದ ಜಾಗ ಇದು. 134 ಚದರ ಕಿಲೋಮೀಟರ್‌ಗೂ ಜಾಸ್ತಿ ಇದೆ. ತೋಳ, ಕತ್ತೆಕಿರುಬ ಎಲ್ಲ ಇವೆ. ನಮಗೆ ಕಂಡಿದ್ದು ಎರಡು ಮೇಕೆ.

ಜಲಪಾತದಲ್ಲಿ ನೀರು ಇತ್ತು, ನಲ್ಲಿ ಸರಿಯಾಗಿ ಬಂದ್ ಮಾಡದಿದ್ದರೆ ಸುರಿಯುತ್ತದಲ್ಲ, ಅಷ್ಟು.

"ನೀರ್ ಇಲ್ಲಂದ್ರ ಏನಾತಪಾ, ಕಲ್ಲರ ಅದಾವಲ್ಲ" ಅಂದರು ಮಾವ.

ನಾನು ಬಿಡಬೇಕಲ್ಲ. ಆ ಎಳೆ ನೀರನ್ನೇ ಹಾಲಿನ ಹಾಗೆ ತೋರಿಸೋಣ ಅಂತ ಹತ್ತು ಸ್ಟಾಪ್‌ನ ಎನ್‌ಡಿ ಫಿಲ್ಟರ್ ಲೆನ್ಸ್‌ಗೆ ತಿರುಗಿಸಿ ಹಾಕಿದೆ. ಅದು ಒಂದು ಕಪ್ಪು ಗಾಜು. ಬೆಳಕನ್ನು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಹಾಗಾಗಿ ಶಟರ್ ಸೆಕೆಂಡುಗಟ್ಟಲೆ ತೆರೆದಿಡಬಹುದು. ಒಂದು ಗಂಟೆ ಒದ್ದಾಡಿದೆ. ಬಂದಿದ್ದು ಒದ್ದೆ ಗೋಡೆಯ ಚಿತ್ರ. ಸಿಟ್ಟಲ್ಲಿ ಕ್ಯಾಮೆರಾವನ್ನು ಹಾಗೇ ಬ್ಯಾಗಿಗೆ ತುರುಕಿದೆ.

ವಾಪಸ್ ಬರುವಾಗ ಹೊತ್ತು ಏರಿತ್ತು. ಹೊಲ ಹೊಲದಲ್ಲೂ ಜನ. ಬಂಡಿ, ಟ್ರ್ಯಾಕ್ಟರ್, ತಲೆ ಮೇಲೆ ಬುಟ್ಟಿ, ಹೊಸ ಸೀರೆ. ನಮ್ಮ ಕಡೆ ಎಳ್ಳಮಾವಾಸ್ಯೆ ಅಂದರೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಮಾವ ಕಾರು ನಿಲ್ಲಿಸಿದ್ದು ಬರೀ ಕಾಲು ಚಾಚಲು. ಬದುವಿನ ಮೇಲಿದ್ದ ಒಬ್ಬ ಅಜ್ಜ ಬಿಡಲಿಲ್ಲ.

"ಬರ್ರಿ, ಬರ್ರಿ. ಇವತ್ತ ಹೊಲದ ಮುಂದ ಬಂದವ್ರು ಉಪಾಸ ಹೋಗಬಾರದ್ರಿ."

ಕಣಿಕೆಯ, ಅಂದರೆ ಜೋಳದ ಒಣದಂಟಿನ, ಗುಡಿಸಲ ಮುಂದೆ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡಿದ್ದರು. ಸುತ್ತ ಎದೆಮಟ್ಟದ ಬಿಳಿಜೋಳ, ಆಚೆ ಕಡಲೆ, ಅಂಚಿಗೆ ಕುಸುಬೆ. ಮಧ್ಯಾಹ್ನದ ಬಿಸಿಲಲ್ಲಿ ಫೋಟೋ ತೆಗೆಯಬಾರದು ಅನ್ನೋದು ನಮ್ಮ ಫೋಟೋಗ್ರಾಫರ್‌ಗಳ ಮಡಿ. ಆದರೆ ಈ ದಿನಗಳಲ್ಲಿ ಇಲ್ಲಿ ಸೂರ್ಯ ನೆತ್ತಿಗೆ ಬರೋದೇ ಇಲ್ಲ, ದಕ್ಷಿಣಕ್ಕೆ ವಾಲಿಕೊಂಡೇ ಹೋಗುತ್ತಾನೆ. ಜೋಳದ ತೆನೆಯ ಹಿಂದಿನಿಂದ ಬೆಳಕು ಬರುತ್ತಿತ್ತು. ಪ್ರತಿ ಗರಿಗೂ ಒಂದು ಅಂಚು. ಇಷ್ಟು ವರ್ಷ ಈ ಹೊತ್ತಲ್ಲಿ ನಾನು ಮನೆಯಲ್ಲಿ ಮಲಗಿರುತ್ತಿದ್ದೆ!

ಅಜ್ಜ ಚರಗದ ಬುಟ್ಟಿ ಎತ್ತಿಕೊಂಡರು. ಚರಗ ಅಂದರೆ ಭೂಮಿತಾಯಿಗೆ ಅಂತ ಹೊಲದಲ್ಲಿ ಚೆಲ್ಲುವ ಅಡುಗೆ. ಹಿಂದೆ ಒಬ್ಬ ಹುಡುಗ ನೀರಿನ ತಂಬಿಗೆ ಹಿಡಿದು ನಡೆದ. ನಾನು ಓಡಿ ಕ್ಯಾಮೆರಾ ತಂದೆ. ಅಜ್ಜ ಕೂಗು ಹಾಕಿ ಮೊದಲ ಹಿಡಿ ಮೇಲಕ್ಕೆ ಚೆಲ್ಲಿದರು. ನಾನು ಬಟನ್ ಒತ್ತಿದೆ. ಕ್ಯಾಮೆರಾ ಪೂರಾ ನಾಲ್ಕು ಸೆಕೆಂಡು ಬಾಯಿ ತೆರೆದು ಕೂತಿತು. ಕಪ್ಪು ಗಾಜು ತೆಗೆದೇ ಇರಲಿಲ್ಲ.

"ಅಜ್ಜಾ, ಅಲ್ಲೇ ನಿಂತು ಇನ್ನೊಮ್ಮೆ ಚೆಲ್ರಿ" ಅಂದೆ.

"ಇದು ಭೂಮ್ತಾಯಿಗೆ ತಮ್ಮಾ, ನಿನಗಲ್ಲ" ಅಂದು ಅವರು ನಡೆದೇಬಿಟ್ಟರು.

ಓಡುತ್ತಾ ಫಿಲ್ಟರ್ ತಿರುಗಿಸುತ್ತೇನೆ, ಅದು ಕಚ್ಚಿಕೊಂಡಿದೆ. ಅಂಗಿಯ ತುದಿಯಿಂದ ಹಿಡಿದು ತಿರುಗಿಸಿದಾಗ ಬಿಟ್ಟಿತು. ಅಷ್ಟರಲ್ಲಿ ಅಜ್ಜ ಮೂರು ಬದು ಮುಗಿಸಿದ್ದರು. ಉಳಿದಿದ್ದು ದಕ್ಷಿಣದ ಬದು ಒಂದೇ, ಬಿಸಿಲಿಗೆ ಎದುರು. ಚೌಕಟ್ಟು ನೋಡಲಿಲ್ಲ. ಶಟರ್ 1/1000 ಸೆಕೆಂಡಿಗೆ ತಿರುಗಿಸಿ ಒತ್ತುತ್ತಾ ಹೋದೆ. ಸೊಪ್ಪು-ಕಾಳಿನ ಭಜ್ಜಿ ಕಲಸಿದ ರೊಟ್ಟಿಯ ಚೂರು ಗಾಳಿಯಲ್ಲಿ ನಿಂತಿದೆ, ಅದರ ಕೆಳಗೆ ಅಜ್ಜನ ಕೈ, ಹಿಂದೆ ಆಗಲೇ ಆಯಲು ಇಳಿಯುತ್ತಿರುವ ಗೊರವಂಕಗಳು. ಮೇಲ್ಗಡೆ ಓರೆಯಾಗಿ ಕರೆಂಟಿನ ತಂತಿ. ಬೇರೆ ದಿನವಾಗಿದ್ದರೆ ಆ ತಂತಿಗೆ ಹೆದರಿ ನಾಲ್ಕು ಹೆಜ್ಜೆ ಸರಿಯುತ್ತಿದ್ದೆ, ಚರಗ ಅಲ್ಲಿಗೆ ಮುಗಿದಿರುತ್ತಿತ್ತು. ಈಗ ನೋಡಿದರೆ ಆ ಗೆರೆ ಇಲ್ಲದೆ ಫೋಟೋ ಚಪ್ಪಟೆ ಅನ್ನಿಸುತ್ತದೆ. ತೆಗೆದುಹಾಕಿ ನೋಡಿದೆ, ವಾಪಸ್ ಹಾಕಿದೆ.

ಹಾಳೆ ಬರೆದುಕೊಂಡು ಹೋಗೋದು ತಪ್ಪು ಅಂತ ನಾನು ಹೇಳಲ್ಲ. ಆದರೆ ಅವತ್ತು ಕೈ ಕಟ್ಟಿಹಾಕಿದ್ದು ಬೆಳಗಿನ ಹಾಳೆಯೇ. ಈಗ ಒಂದು ಜಾಗ ಬಿಡುವಾಗ ಫಿಲ್ಟರ್ ಬಿಚ್ಚಿ, ಲೆನ್ಸ್‌ನ ಕಿಂಡಿ ಎಫ್/8ಕ್ಕೆ, ಬೆಳಕಿನ ಸೂಕ್ಷ್ಮತೆ (ಐಎಸ್‌ಒ) ಆಟೋಗೆ ಇಟ್ಟು, ಕ್ಯಾಮೆರಾವನ್ನು ಕಾಲ ಮೇಲೆ ಇಟ್ಟುಕೊಳ್ಳುತ್ತೇನೆ. ಬ್ಯಾಗು ಡಿಕ್ಕಿಗೆ.

ಆಮೇಲೆ ಊಟ. ಸಜ್ಜೆ ರೊಟ್ಟಿ, ಭಜ್ಜಿ, ಎಳ್ಳು ಹೋಳಿಗೆ. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿಯೋದಲ್ಲ. ಕೈಗೆ ಸಿಕ್ಕ ಸೊಪ್ಪು, ಕಾಯಿ, ಹಸಿ ಕಾಳು ಎಲ್ಲ ಸೇರಿಸಿ ಕುದಿಸಿದ್ದು. ಎರಡೂ ಕೈ ಭಜ್ಜಿಯಾಗಿದ್ದಾಗ ಒಂದು ನೀಲಕಂಠ ಬಂದು ಬಿಚ್ಚಿಟ್ಟ ಬಂಡಿಯ ನೊಗದ ಮೇಲೆ ಕೂತಿತು. ಕೂತಾಗ ಮಾಸಲು ಹಕ್ಕಿ. ರೆಕ್ಕೆ ಬಿಚ್ಚಿದರೆ ಮಾತ್ರ ಆ ನೀಲಿ. "ಮಾವಾ, ಕ್ಯಾಮೆರಾ!" ಅಂದೆ. ಮಾವ ಗಾಬರಿಯಿಂದ ಎತ್ತಿ, ಎಲ್ಲಿಗೋ ಹಿಡಿದು ಒಂದು ಸಲ ಒತ್ತಿದರು.

ಆ ಫೋಟೋದಲ್ಲಿ ಹಕ್ಕಿಯ ತಲೆ ಇಲ್ಲ. ಅರ್ಧ ರೆಕ್ಕೆ ಇದೆ, ನೊಗ ಇದೆ, ಮೂಲೆಯಲ್ಲಿ ರೊಟ್ಟಿ ಹಿಡಿದ ನನ್ನ ಕೈ ಇದೆ. ಮಾವ ಅದನ್ನೇ ವಾಟ್ಸಾಪ್ ಡಿಪಿ ಮಾಡಿಕೊಂಡಿದ್ದಾರೆ.