ಸ್ಲೆಡ್ಜಿನ ಮೇಲೆ ಎಷ್ಟು ಬಿಸ್ಕತ್ತು?

ಶಾಲೆಯಲ್ಲಿ ದಕ್ಷಿಣ ಧ್ರುವದ ಮಾತು ತೆಗೆದರೆ ಸಾಮಾನ್ಯವಾಗಿ ಆಗುವುದು ಇಷ್ಟು. ಅಮುಂಡ್‌ಸೆನ್ 1911ರ ಡಿಸೆಂಬರ್ 14ರಂದು ತಲುಪಿದರು, ಸ್ಕಾಟ್ 1912ರ ಜನವರಿ 17ರಂದು ತಲುಪಿದರು, ಮರಳುವ ದಾರಿಯಲ್ಲಿ ಸ್ಕಾಟ್ ಮತ್ತು ನಾಲ್ವರು ಸಂಗಡಿಗರು ತೀರಿಕೊಂಡರು. ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ, ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ವಿಜ್ಞಾನ ಬರಲೇ ಇಲ್ಲ. ಇದೇ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಹೊರಡುವ ಹಿಂದಿನ ದಿನದ ಲೆಕ್ಕವನ್ನು ಮಕ್ಕಳ ಕೈಗೆ ಕೊಟ್ಟು ನೋಡಿ. ಯಾರು ಮೊದಲು ತಲುಪಿದರು ಅನ್ನುವುದನ್ನು ಕೊನೆಯ ಪಾಠದವರೆಗೂ ಹೇಳಬೇಕಾಗಿಲ್ಲ.

ಮೊದಲ ಪಾಠಕ್ಕೆ ಪೆನ್ಸಿಲು, ಕಾಗದ ಸಾಕು. ಸ್ಕಾಟ್ ತಂಡದಲ್ಲಿ ಎತ್ತರದ ಹಿಮ ಪ್ರಸ್ಥಭೂಮಿಗೆ ನಿಗದಿಯಾಗಿದ್ದ ಒಬ್ಬರ ದಿನದ ಆಹಾರ ಹೀಗಿತ್ತು: 450 ಗ್ರಾಂ ಬಿಸ್ಕತ್ತು, 340 ಗ್ರಾಂ ಪೆಮಿಕನ್ (ಒಣಮಾಂಸದ ಪುಡಿ ಮತ್ತು ಕೊಬ್ಬು ಸೇರಿಸಿದ್ದು), 85 ಗ್ರಾಂ ಸಕ್ಕರೆ, 57 ಗ್ರಾಂ ಬೆಣ್ಣೆ, ಒಂದಿಷ್ಟು ಕೋಕೋ ಮತ್ತು ಚಹಾ. ಒಟ್ಟು ಒಂದು ಕಿಲೋಗೆ ಸ್ವಲ್ಪ ಕಡಿಮೆ. ಗ್ರಾಂ ಕೊಬ್ಬಿಗೆ 9 ಕಿಲೋಕ್ಯಾಲರಿ, ಪಿಷ್ಟಕ್ಕೂ ಪ್ರೋಟೀನಿಗೂ ತಲಾ 4 ಎಂದು ಹಿಡಿದು ಮಕ್ಕಳು ಲೆಕ್ಕ ಹಾಕಿದರೆ ಸುಮಾರು 4,500 ಬರುತ್ತದೆ. ಸ್ಲೆಡ್ಜನ್ನು (ಹಿಮದ ಮೇಲೆ ಜಾರುವ ಬಂಡಿಯನ್ನು) ತಾವೇ ಎಳೆಯುವವರಿಗೆ ದಿನಕ್ಕೆ 6,000 ಅಥವಾ ಅದಕ್ಕೂ ಹೆಚ್ಚು ಬೇಕು. ದಿನಕ್ಕೆ 1,500 ಕೊರತೆ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700. ಅಂದರೆ ಐದು ದಿನಕ್ಕೊಂದು ಕಿಲೋ ಮೈತೂಕ ಇಳಿಯುತ್ತದೆ. ಎಣ್ಣೆ, ಬೆಣ್ಣೆಯ ಪಾಲು ಯಾಕೆ ಅಷ್ಟು ಮುಖ್ಯ ಎಂದು ಬೇರೆ ವಿವರಿಸಬೇಕಾಗುವುದಿಲ್ಲ.

ಮುಂದಿನ ಲೆಕ್ಕವೇ ನನಗೆ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದದ್ದು. ಸರಳ ಅಂಕಿ ಇಟ್ಟುಕೊಳ್ಳೋಣ. ಒಬ್ಬರು 90 ಕಿಲೋ ಎಳೆಯಬಲ್ಲರು. ಡೇರೆ, ಮಲಗುವ ಚೀಲ, ಒಲೆ, ಉಪಕರಣ, ಸ್ಲೆಡ್ಜಿನ ಸ್ವಂತ ತೂಕ ಸೇರಿ ತಲಾ 35 ಕಿಲೋ. ಉಳಿದ 55 ಕಿಲೋ ಆಹಾರ ಮತ್ತು ಇಂಧನ. ದಿನಕ್ಕೆ 1.1 ಕಿಲೋ ಖರ್ಚಾದರೆ 50 ದಿನ. ಹೋಗಿ ಬರುವ ದಾರಿ ಸುಮಾರು 2,800 ಕಿ.ಮೀ.; ದಿನಕ್ಕೆ 20 ಕಿ.ಮೀ. ನಡೆದರೆ 140 ದಿನ ಬೇಕು. ಕೊರತೆ 90 ದಿನ, ಅಂದರೆ 99 ಕಿಲೋ. ‘ದಾರಿಯಲ್ಲಿ ಮೊದಲೇ 99 ಕಿಲೋ ಇಟ್ಟು ಬಂದರಾಯಿತು’ ಎಂದು ತರಗತಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳಲಿ, ತಡೆಯಬೇಡಿ. ಇಟ್ಟು ಬರುವವರೂ ಊಟ ಮಾಡುತ್ತಾರಲ್ಲ! ಹತ್ತು ದಿನದ ದೂರಕ್ಕೆ ಹೋಗುವವರು ಹೋಗುತ್ತಾ 11, ಬರುತ್ತಾ 11 ಕಿಲೋ ತಿಂದು 33 ಕಿಲೋ ಮಾತ್ರ ಬಿಟ್ಟು ಬರಬಲ್ಲರು. ಇಪ್ಪತ್ತು ದಿನದ ದೂರದಲ್ಲಾದರೆ ಬರೀ 11. ಇಪ್ಪತ್ತೈದನೇ ದಿನದ ದೂರದಲ್ಲಿ ಸೊನ್ನೆ. ಈ ಮೂರು ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಸರಳರೇಖೆ ಸಿಗುತ್ತದೆ, ಅದು ಅಕ್ಷವನ್ನು ಮುಟ್ಟುವ ಜಾಗದಿಂದಾಚೆಗೆ ಏನೂ ಇಡಲಾಗದು. ಧ್ರುವ ಎಪ್ಪತ್ತು ದಿನದ ದೂರದಲ್ಲಿದೆ. ಹಾಗಾದರೆ ಡಿಪೋಗಳನ್ನು (ದಾರಿಯಲ್ಲಿ ಮೊದಲೇ ಆಹಾರ, ಇಂಧನ ಇಟ್ಟು ಬರುವ ಜಾಗಗಳನ್ನು) ತುಂಬಲು ಡಿಪೋ ಬೇಕು, ಇಲ್ಲವೇ ಎಳೆಯಲು ನಾಯಿಗಳು ಬೇಕು, ಇಲ್ಲವೇ ಸಹಾಯಕ ತಂಡಗಳು ಜೊತೆಗೆ ಬಂದು ಅರ್ಧ ದಾರಿಯಲ್ಲಿ ತಿರುಗಬೇಕು. ಈ ಮೂರನ್ನೂ ಮಕ್ಕಳೇ ಕಂಡುಹಿಡಿಯುತ್ತಾರೆ. ಒಂದು ಪೂರ್ತಿ ಪೀರಿಯಡ್ ಇದಕ್ಕೇ ಬಿಡಿ.

ಡಿಪೋ ಇಟ್ಟರಾಯಿತೇ, ಮಂಜು ಕವಿದಾಗ ಅದನ್ನು ಹುಡುಕುವುದು ಹೇಗೆ? ಅಮುಂಡ್‌ಸೆನ್ ತಂಡ ಬಾವುಟಗಳನ್ನು ದಾರಿಯುದ್ದಕ್ಕೂ ನೆಟ್ಟಿದ್ದಲ್ಲದೆ ಡಿಪೋದ ಎರಡೂ ಬದಿಗೆ, ದಾರಿಗೆ ಅಡ್ಡಲಾಗಿ, ಸಾಲಾಗಿ ನೆಟ್ಟಿತ್ತು. ಪ್ರತಿ ಬಾವುಟದಲ್ಲೂ ಡಿಪೋ ಯಾವ ಕಡೆ ಎಂಬ ಗುರುತು. ದಿಕ್ಕು ಎರಡು ಡಿಗ್ರಿ ತಪ್ಪಿದರೆ 100 ಕಿ.ಮೀ. ನಡೆದ ಮೇಲೆ ಎಷ್ಟು ಪಕ್ಕಕ್ಕೆ ಸರಿದಿರುತ್ತೀರಿ? 3.5 ಕಿ.ಮೀ. ಬಾವುಟದ ಸಾಲು ಎಷ್ಟುದ್ದ ಇರಬೇಕೆಂಬುದಕ್ಕೆ ಉತ್ತರ ಅಲ್ಲೇ ಇದೆ. ತ್ರಿಕೋನಮಿತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಅದೇ ಡಿಪೋಗಳಲ್ಲಿ ಇನ್ನೊಂದು ಪಾಠವಿದೆ. ಸ್ಕಾಟ್ ತಂಡದ ಸೀಮೆಎಣ್ಣೆ ಡಬ್ಬಿಗಳ ಮುಚ್ಚಳಕ್ಕೆ ಚರ್ಮದ ವಾಷರ್ ಇತ್ತು. ಮರಳಿ ಬರುವಾಗ ಡಬ್ಬಿಗಳಲ್ಲಿ ಎಣ್ಣೆ ಕಡಿಮೆಯಾಗಿತ್ತು. ಅಮುಂಡ್‌ಸೆನ್ ತಮ್ಮ ಡಬ್ಬಿಗಳಿಗೆ ಬೆಸುಗೆ ಹಾಕಿಸಿದ್ದರು. ತರಗತಿಯಲ್ಲಿ ಸೀಮೆಎಣ್ಣೆ ಬೇಡ. ಒಂದೇ ಗಾತ್ರದ ನಾಲ್ಕು ಬಾಟಲಿಗೆ 100 ಮಿ.ಲೀ. ನೀರು ತುಂಬಿ, ಚರ್ಮ, ರಬ್ಬರ್, ಕಾರ್ಕ್, ಮೇಣ ಹೀಗೆ ಬೇರೆ ಬೇರೆ ಬಿರಡೆ ಹಾಕಿ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿದರೆ ಸಾಕು.

ಚಳಿಯ ಪ್ರಯೋಗಕ್ಕೆ ಬರೋಣ. ಕೊಬ್ಬು ಚಳಿ ತಡೆಯುವುದನ್ನು ತೋರಿಸಲು ಎರಡು ಪ್ಲಾಸ್ಟಿಕ್ ಚೀಲಗಳ ನಡುವೆ ವನಸ್ಪತಿ ತುಂಬಿ, ಒಳಚೀಲಕ್ಕೆ ಕೈ ಹಾಕಿ ಮಂಜುನೀರಿಗೆ ಇಳಿಸುವುದು ಹಳೆಯ ಪ್ರಯೋಗ. ಅದರಲ್ಲಿ ಆಗುವ ತಪ್ಪು ಒಂದೇ: ಇನ್ನೊಂದು ಕೈಗೆ ಬರೀ ಒಂದು ಚೀಲ ಹಾಕುವುದು. ಹೋಲಿಕೆಯ ಕೈಗೂ ಎರಡು ಚೀಲ, ನಡುವೆ ಗಾಳಿಯಿಲ್ಲದಂತೆ ಇರಬೇಕು. ಇಲ್ಲದಿದ್ದರೆ ಕೊಬ್ಬಿನ ಗುಣ ಯಾವುದು, ಪ್ಲಾಸ್ಟಿಕ್ಕಿನದು ಯಾವುದು ಎಂದು ತಿಳಿಯದು. ಒಂದು ನಿಮಿಷ ಮೀರಬಾರದು, ನೋವಾದ ಕೂಡಲೇ ತೆಗೆಯಬೇಕು.

ಅದಕ್ಕಿಂತ ಹೆಚ್ಚು ಕಲಿಸುವುದು ನಾಲ್ಕು ಡಬ್ಬಿಯ ಪ್ರಯೋಗ. ಒಂದೇ ಬಗೆಯ ನಾಲ್ಕು ತಗಡಿನ ಡಬ್ಬಿ, ಪ್ರತಿಯೊಂದರಲ್ಲೂ 60 ಡಿಗ್ರಿ ಸೆಲ್ಸಿಯಸ್‌ನ 200 ಮಿ.ಲೀ. ನೀರು, ಥರ್ಮೋಕೋಲಿನ ಮುಚ್ಚಳ, ಅದರಲ್ಲಿ ಥರ್ಮಾಮೀಟರಿಗೆ ತೂತು. ಮೊದಲನೆಯದು ಬರಿ ಡಬ್ಬಿ. ಎರಡನೆಯದಕ್ಕೆ ಒಣ ಉಣ್ಣೆ. ಮೂರನೆಯದಕ್ಕೆ ಅದೇ ಉಣ್ಣೆ, ಆದರೆ ನೆನೆಸಿ ಹಿಂಡಿದ್ದು. ನಾಲ್ಕನೆಯದಕ್ಕೆ ಒಣ ಉಣ್ಣೆಯ ಮೇಲೊಂದು ಪಾಲಿಥೀನ್ ಹೊದಿಕೆ. ನಾಲ್ಕನ್ನೂ ಫ್ಯಾನಿನಿಂದ ಒಂದೇ ದೂರದಲ್ಲಿಟ್ಟು ಎರಡು ನಿಮಿಷಕ್ಕೊಮ್ಮೆ, ಅರ್ಧ ಗಂಟೆ ಓದಿಕೊಳ್ಳಿ. ಒದ್ದೆ ಉಣ್ಣೆಯ ಡಬ್ಬಿ ಬರಿ ಡಬ್ಬಿಗಿಂತ ಬೇಗ ತಣ್ಣಗಾದರೂ ಅಚ್ಚರಿಯಿಲ್ಲ: ಉಣ್ಣೆಯೊಳಗಿನ ಗಾಳಿಯ ಜಾಗಕ್ಕೆ ನೀರು ಬಂದಿದೆ, ಮೇಲಾಗಿ ಆವಿಯಾಗುತ್ತಾ ಶಾಖ ಎಳೆಯುತ್ತಿದೆ. ಬೆವರು ಧ್ರುವಯಾನಿಗಳಿಗೆ ಯಾಕೆ ಶತ್ರು ಎಂಬುದು ಇಲ್ಲಿ ಕಣ್ಣಿಗೆ ಬೀಳುತ್ತದೆ. 1911ರ ಚಳಿಗಾಲದಲ್ಲಿ ಸ್ಕಾಟ್ ತಂಡದ ವಿಲ್ಸನ್, ಬೋವರ್ಸ್, ಚೆರಿ-ಗ್ಯಾರಾರ್ಡ್ ಮೂವರು ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಕೇಪ್ ಕ್ರೋಜಿಯರ್‌ಗೆ ಹೋಗಿ ಬಂದ ಐದು ವಾರದಲ್ಲಿ ಅವರ ಮಲಗುವ ಚೀಲಗಳ ತೂಕ ದುಪ್ಪಟ್ಟಿಗೂ ಮೀರಿತ್ತು. ಉಸಿರು ಮತ್ತು ಬೆವರು ಒಳಗೇ ಮಂಜುಗಡ್ಡೆಯಾಗಿ ಕೂತಿತ್ತು.

ಪ್ರಯೋಗ ಕೆಡುವುದು ಇಂಥ ಕಡೆ: ನಾಲ್ಕು ಡಬ್ಬಿ ತುಂಬುವಷ್ಟರಲ್ಲಿ ಮೊದಲನೆಯದು ಆಗಲೇ 57ಕ್ಕೆ ಇಳಿದಿರುತ್ತದೆ. ಆದ್ದರಿಂದ ಪ್ರತಿ ಡಬ್ಬಿಯ ಗಡಿಯಾರವನ್ನೂ ಅದು 55 ದಾಟಿದ ಕ್ಷಣದಿಂದ ಶುರುಮಾಡಿ. ಥರ್ಮಾಮೀಟರಿನ ಬುರುಡೆ ತಳ ಮುಟ್ಟಬಾರದು. ಉಣ್ಣೆಯನ್ನು ಬಿಗಿಯಾಗಿ ಸುತ್ತಿದರೆ ಗಾಳಿ ಹಿಂಡಿಹೋಗಿ ಫಲಿತಾಂಶ ಕೆಡುತ್ತದೆ. ಡಬ್ಬಿಗಳ ಕೆಳಗೂ ಥರ್ಮೋಕೋಲ್ ಇಡಿ, ಇಲ್ಲವಾದರೆ ಮೇಜೇ ಶಾಖ ಕುಡಿಯುತ್ತದೆ.

ದಾರಿ ಕಂಡುಹಿಡಿಯುವ ವಿದ್ಯೆಗೆ 1 ಮೀಟರ್ ಕೋಲು ಸಾಕು. ನೆಟ್ಟಗೆ ನಿಲ್ಲಿಸಿ, ಸೂರ್ಯ ನೆತ್ತಿಗೆ ಬರುವ ನಲವತ್ತು ನಿಮಿಷ ಮೊದಲಿನಿಂದ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತಿಸಿ. ಅತಿ ಗಿಡ್ಡ ನೆರಳೇ ಸ್ಥಳೀಯ ಮಧ್ಯಾಹ್ನ. ಗಡಿಯಾರದ ಹನ್ನೆರಡಕ್ಕೆ ಅದು ಬರುವುದು ಅಪರೂಪ. ನೆರಳಿನ ಉದ್ದವನ್ನು ಕೋಲಿನ ಉದ್ದದಿಂದ ಭಾಗಿಸಿ ಟ್ಯಾನ್ ವಿಲೋಮ ತೆಗೆದರೆ ಸೂರ್ಯ ನೆತ್ತಿಯಿಂದ ಎಷ್ಟು ಡಿಗ್ರಿ ಓರೆಯಾಗಿದ್ದಾನೆಂದು ಸಿಗುತ್ತದೆ. ವಿಷುವತ್ತಿನ (ಹಗಲು ರಾತ್ರಿ ಸಮವಿರುವ) ದಿನ ಅದೇ ನಿಮ್ಮ ಅಕ್ಷಾಂಶ; ಬೇರೆ ದಿನ ಆ ದಿನದ ಸೂರ್ಯನ ಕ್ರಾಂತಿಯನ್ನು (ಸಮಭಾಜಕದಿಂದ ಸೂರ್ಯ ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾನೆ ಎಂಬುದನ್ನು) ಕೂಡಿಸಬೇಕು ಅಥವಾ ಕಳೆಯಬೇಕು. ತೊಂದರೆ ನೆರಳಿನ ಅಂಚಿನಲ್ಲಿದೆ. ಸೂರ್ಯಬಿಂಬ ಅರ್ಧ ಡಿಗ್ರಿ ಅಗಲ ಇರುವುದರಿಂದ ತುದಿ ಸುಮಾರು 1 ಸೆಂ.ಮೀ. ಮಸುಕಾಗಿರುತ್ತದೆ. ನೆರಳು 30 ಸೆಂ.ಮೀ. ಇದ್ದಾಗ ಆ 1 ಸೆಂ.ಮೀ. ತಪ್ಪಿದರೆ ಅರ್ಧ ಡಿಗ್ರಿ ತಪ್ಪು, ನೆಲದ ಮೇಲೆ ಸುಮಾರು 58 ಕಿ.ಮೀ. ಕೋಲಿನ ತುದಿಗೆ 4 ಮಿ.ಮೀ. ತೂತಿರುವ ರಟ್ಟು ಕಟ್ಟಿದರೆ ನೆರಳಿನೊಳಗೆ ದುಂಡನೆ ಬೆಳಕಿನ ಬಿಂಬ ಬೀಳುತ್ತದೆ, ಅದರ ನಡುವನ್ನು 2 ಮಿ.ಮೀ. ಒಳಗೆ ಗುರುತಿಸಬಹುದು. ಎತ್ತರವನ್ನು ತೂತಿನವರೆಗೆ ಅಳೆಯಿರಿ, ನೆಲದ ಬಿಂದುವನ್ನು ತೂಗುಗುಂಡಿನಿಂದ ಹಿಡಿಯಿರಿ. ಯಾರೂ ಸೂರ್ಯನನ್ನು ನೇರವಾಗಿ ನೋಡಕೂಡದು.

ತಮ್ಮ ತಪ್ಪು ಎಷ್ಟು ಕಿಲೋಮೀಟರ್ ಎಂದು ಮಕ್ಕಳು ಬರೆದುಕೊಂಡ ಮೇಲೆ ಮಾತ್ರ ಅಂಟಾರ್ಕ್ಟಿಕಾ ಯಾನಿ ಶ್ಯಾಕಲ್ಟನ್ ಅವರ ಎಂಡ್ಯೂರೆನ್ಸ್ ಹಡಗಿನ ವಿಷಯ ಹೇಳಿ. 1915ರ ನವೆಂಬರಿನಲ್ಲಿ ವೆಡೆಲ್ ಸಮುದ್ರದಲ್ಲಿ ಅದು ಮುಳುಗಿದಾಗ ಕ್ಯಾಪ್ಟನ್ ವರ್ಸ್ಲಿ ಸೆಕ್ಸ್ಟಂಟ್ (ಸೂರ್ಯನ ಕೋನ ಅಳೆಯುವ ಉಪಕರಣ) ಹಿಡಿದು ಸ್ಥಾನ ಲೆಕ್ಕಹಾಕಿ ಬರೆದಿಟ್ಟಿದ್ದರು. 2022ರ ಮಾರ್ಚಿನಲ್ಲಿ 3,008 ಮೀಟರ್ ಆಳದಲ್ಲಿ ಹಡಗು ಸಿಕ್ಕಿದ್ದು ಆ ಸ್ಥಾನದಿಂದ ಸುಮಾರು 4 ನಾಟಿಕಲ್ ಮೈಲಿ, ಅಂದರೆ ಏಳೂವರೆ ಕಿ.ಮೀ. ದೂರದಲ್ಲಿ.

ತಂತ್ರಜ್ಞಾನದ ಕಡೆಗೆ ಮಕ್ಕಳನ್ನು ಎಳೆಯಬೇಕಾದರೆ ಚಳಿಯಲ್ಲಿ ಯಂತ್ರ ಕೆಡುವುದನ್ನು ತೋರಿಸಬೇಕು. ಪುಡಿಮಾಡಿದ ಮಂಜುಗಡ್ಡೆ ಮೂರು ಪಾಲು, ಉಪ್ಪು ಒಂದು ಪಾಲು (ತೂಕದಲ್ಲಿ), ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕಲಸಿದರೆ ಮೈನಸ್ 15ರಿಂದ 18 ಡಿಗ್ರಿ ಸಿಗುತ್ತದೆ. ಇದನ್ನು ಬರಿಗೈಯಲ್ಲಿ ಮುಟ್ಟಿಸಬೇಡಿ, ಚರ್ಮ ಸುಟ್ಟಂತೆ ಗಾಯವಾಗುತ್ತದೆ. ಆಲ್ಕಲೈನ್ ಎಎ ಸೆಲ್ಲನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಒಂದು ಗಂಟೆ ಹೂತಿಡಿ. ತೆಗೆದ ತಕ್ಷಣ ವೋಲ್ಟೇಜ್ ಅಳೆದರೆ ಮೊದಲಿನಷ್ಟೇ ತೋರಿಸುತ್ತದೆ, ಮಕ್ಕಳು ‘ಏನೂ ಆಗಿಲ್ಲ’ ಅನ್ನುತ್ತಾರೆ. ಈಗ 10 ಓಮ್ ರೆಸಿಸ್ಟರ್ ಜೋಡಿಸಿ ಅಳೆಯಲಿ. ಬಿಸಿ ಸೆಲ್ಲಿಗಿಂತ ತಣ್ಣನೆಯ ಸೆಲ್ಲಿನ ವೋಲ್ಟೇಜ್ ಹೆಚ್ಚು ಕುಸಿಯುತ್ತದೆ, ಯಾಕೆಂದರೆ ಒಳಗಿನ ರಾಸಾಯನಿಕ ಕ್ರಿಯೆಯೂ ಅಯಾನುಗಳ ಓಡಾಟವೂ ನಿಧಾನವಾಗಿ ಆಂತರಿಕ ಪ್ರತಿರೋಧ ಏರಿದೆ. ತೆರೆದಾಗ 1.58, ಹೊರೆ ಕೊಟ್ಟಾಗ 1.50 ಬಂದರೆ ಆಂತರಿಕ ಪ್ರತಿರೋಧ 0.08 ಗುಣಿಸು 10, ಭಾಗಿಸು 1.50, ಅಂದರೆ 0.53 ಓಮ್. ರೆಸಿಸ್ಟರ್ ಅರ್ಧ ವ್ಯಾಟಿನದಾಗಿರಲಿ. ಕಾಲು ವ್ಯಾಟಿನದು ಬಿಸಿಯಾಗಿ ಅಳತೆ ಕೆಡುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಜೋಡಿಸಬೇಡಿ. ಸೆಲ್ ಬೆಚ್ಚಗಾದ ಮೇಲೆ ಮತ್ತೆ ಅಳೆದರೆ ಬಹುತೇಕ ಚೇತರಿಸಿಕೊಂಡಿರುತ್ತದೆ.

ಅದೇ ಪೆಟ್ಟಿಗೆಗೆ ಆರ್ಡುಯಿನೊ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಮತ್ತು ಡಿಎಸ್18ಬಿ20 ಎಂಬ ತಾಪ ಸಂವೇದಕ ಸೇರಿಸಿದರೆ ಪುಟ್ಟ ಹವಾಮಾನ ಕೇಂದ್ರ. ಡೇಟಾ ತಂತಿಗೂ ವಿದ್ಯುತ್ ತಂತಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಮರೆತರೆ ಮೈನಸ್ 127 ಎಂದು ಬರುತ್ತದೆ. 85 ಎಂದು ಬಂದರೆ ಅಳತೆ ಮುಗಿಯುವ ಮುನ್ನವೇ ಓದಿದ್ದೀರಿ. 12 ಬಿಟ್ ಅಳತೆಗೆ 750 ಮಿಲಿಸೆಕೆಂಡ್ ಕಾಯಬೇಕು. ಮೊದಲು ಮಂಜುಗಡ್ಡೆಯ ಕೆಸರಿನಲ್ಲಿ ಇಟ್ಟು ಕದಡುತ್ತಾ ಸೊನ್ನೆ ಸರಿಯಿದೆಯೇ ನೋಡಿ. ಈ ಸಂವೇದಕದ ಕೆಳಮಿತಿ ಮೈನಸ್ 55. ಅಂಟಾರ್ಕ್ಟಿಕಾದ ವೊಸ್ತೋಕ್ ನಿಲ್ದಾಣದಲ್ಲಿ 1983ರ ಜುಲೈ 21ರಂದು ದಾಖಲಾದದ್ದು ಮೈನಸ್ 89.2. ಪಾದರಸವಾದರೋ ಮೈನಸ್ 38.8ಕ್ಕೇ ಗಟ್ಟಿಯಾಗುತ್ತದೆ. ಹಾಗಾದರೆ ಅಲ್ಲಿ ಯಾವುದರಿಂದ ಅಳೆಯುವುದು? ಈ ಪ್ರಶ್ನೆಯನ್ನು ಮನೆಗೆ ಕೊಟ್ಟು ಕಳಿಸಿ. ಇನ್ನೊಂದು ಎಚ್ಚರಿಕೆ: ತಣ್ಣನೆಯ ಬೋರ್ಡನ್ನು ಹೊರತೆಗೆದ ಕೂಡಲೇ ಚೀಲ ಬಿಚ್ಚಿದರೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ ಬೋರ್ಡ್ ಸುಟ್ಟುಹೋಗಬಹುದು. ಚೀಲದೊಳಗೇ ಬೆಚ್ಚಗಾಗಲಿ. ಧ್ರುವಗಳಲ್ಲಿ ಕ್ಯಾಮೆರಾವನ್ನು ಒಳಗೆ ತರುವ ರೀತಿಯೂ ಇದೇ.

ಉಪಕರಣವೇ ಇಲ್ಲದ ಶಾಲೆಗೆ ನಾರ್ವೆಯ ಧ್ರುವಯಾನಿ ನಾನ್ಸೆನ್ ಇದ್ದಾರೆ. ಸೈಬೀರಿಯಾದ ಉತ್ತರಕ್ಕೆ 1881ರಲ್ಲಿ ಮುಳುಗಿದ ಜೀನೆಟ್ ಹಡಗಿನ ಸಾಮಾನುಗಳು 1884ರಲ್ಲಿ ಗ್ರೀನ್‌ಲ್ಯಾಂಡಿನ ನೈಋತ್ಯ ತೀರದಲ್ಲಿ ಸಿಕ್ಕವು. ಇಷ್ಟನ್ನೇ ಹೇಳಿ, ಭೂಗೋಳ ಕೊಟ್ಟು, ಏನು ಅರ್ಥವಾಯಿತು ಎಂದು ಕೇಳಿ. ನಾನ್ಸೆನ್ ಊಹಿಸಿದ್ದು ಮಂಜಿನಡಿಯ ಪ್ರವಾಹ. ಅದನ್ನು ಪರೀಕ್ಷಿಸಲು ಫ್ರಾಮ್ ಹಡಗನ್ನು 1893ರಲ್ಲಿ ಬೇಕೆಂದೇ ಮಂಜಿನಲ್ಲಿ ಸಿಲುಕಿಸಿದರು. ಒಡಲು ದುಂಡಗಿದ್ದುದರಿಂದ ಮಂಜು ಅದನ್ನು ಹಿಸುಕದೆ ಮೇಲಕ್ಕೆತ್ತಿತು. 2019-20ರಲ್ಲಿ ಪೋಲಾರ್‌ಸ್ಟರ್ನ್ ಹಡಗು ಅದೇ ಉಪಾಯದಿಂದ ಆರ್ಕ್ಟಿಕ್ಕಿನಲ್ಲಿ ತೇಲಿತು.

ಕೊನೆಯ ಪಾಠಕ್ಕೆ ಒಂದು ತಕ್ಕಡಿ ಮತ್ತು 16 ಕಿಲೋ ಕಲ್ಲು. ಸ್ಕಾಟ್ ತಂಡ ಮರಳುವಾಗ ಬಿಯರ್ಡ್‌ಮೋರ್ ಹಿಮನದಿಯ ಬಳಿ ಆಯ್ದ ಇಷ್ಟು ತೂಕದ ಕಲ್ಲುಗಳನ್ನು ಕೊನೆಯವರೆಗೂ ಎಳೆದುಕೊಂಡು ಬಂತು. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಸಸ್ಯದ ಪಳೆಯುಳಿಕೆಗಳಿದ್ದವು. ಅಂಟಾರ್ಕ್ಟಿಕಾ ಒಂದು ಕಾಲಕ್ಕೆ ಹಸಿರಾಗಿತ್ತು, ಬೇರೆ ಭೂಖಂಡಗಳಿಗೆ ಅಂಟಿಕೊಂಡಿತ್ತು ಎಂಬುದಕ್ಕೆ ಸಾಕ್ಷಿ. ಕಲ್ಲನ್ನು ಮಕ್ಕಳು ಕೈಯಾರೆ ಎತ್ತಿ ನೋಡಲಿ. ‘ಬಿಸಾಡಬೇಕಿತ್ತೇ?’ ಎಂದು ಕೇಳಿ, ಉತ್ತರವನ್ನು ಮೊದಲ ದಿನದ ಲೆಕ್ಕದ ಹಾಳೆಯಲ್ಲೇ ಬರೆಸಿ. ಬಿಸಾಡಿದರೆ ಆಹಾರ ಹೆಚ್ಚುತ್ತಿತ್ತು ಎಂದು ಕೆಲವರು ಬರೆಯುತ್ತಾರೆ. ಆಹಾರ ಇದ್ದದ್ದು ಮುಂದಿನ ಡಿಪೋದಲ್ಲಿ. ಹೊರೆ ಇಳಿಸಿದರೆ ಸಿಗಬಹುದಾದದ್ದು ವೇಗ ಮಾತ್ರ. ಎಷ್ಟು ವೇಗ? ಒಬ್ಬೊಬ್ಬರ ಪಾಲಿಗೆ ಎಷ್ಟು ಕಿಲೋ ಇಳಿಯುತ್ತಿತ್ತು ಎಂದು ಅವರೇ ಭಾಗಿಸಿ ನೋಡಲಿ.