ಭರಣಿ ತುಂಬ ಉಪ್ಪಿನಕಾಯಿ, ಬಾಟಲಿ ಮಾತ್ರ ಇಲ್ಲ

2024ರ ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತಲ್ಲ, ಆಗ ಬೆಂಗಳೂರಿನಿಂದ ಹೊರಟ ನನ್ನ ಬಾಟಲಿಗಳು ಸಕಲೇಶಪುರದ ಆಚೆ ಲಾರಿಯಲ್ಲೇ ನಿಂತಿದ್ದವು. ಇತ್ತ ಉಡುಪಿಯ ಅಂಗಡಿಯಲ್ಲಿ ಮೂರು ಭರಣಿ ಮಿಡಿ ಉಪ್ಪಿನಕಾಯಿ ರೆಡಿ. ತುಂಬಿಸಲಿಕ್ಕೆ ಬಾಟಲಿ ಇಲ್ಲ. ಮನೆಯಿಂದ ಡಬ್ಬ ತನ್ನಿ, ಕೊಡುತ್ತೇನೆ ಅಂದೆ. ಇಬ್ಬರು ತಂದರು ಕೂಡ.

ಘಾಟಿಯನ್ನು ಬೈದು ಎಂತ ಪ್ರಯೋಜನ, ತಪ್ಪು ನನ್ನದೇ. ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದಾಗ ಒಂದೊಂದು ಐಟಂಗೂ ಕನಿಷ್ಠ ಸ್ಟಾಕ್ ಎಷ್ಟು, ಅಂದರೆ ಎಷ್ಟಕ್ಕೆ ಇಳಿದಾಗ ಮತ್ತೆ ತರಿಸಬೇಕು ಅಂತ ಕೇಳಿತ್ತು. ಕೂತು ಯೋಚಿಸಲು ಉದಾಸೀನ. ಸುಮ್ನೆ ಎಲ್ಲದಕ್ಕೂ 20 ಅಂತ ಹೊಡೆದುಬಿಟ್ಟಿದ್ದೆ.

ಕೋರಿ ರೊಟ್ಟಿಯನ್ನೇ ನೋಡಿ. ದಿನಕ್ಕೆ ಸುಮಾರು 12 ಪ್ಯಾಕೆಟ್ ಹೋಗುತ್ತದೆ. ಫೋನ್ ಮಾಡಿದರೆ ಮಾಲು ಬರಲು 3 ದಿನ. ಅಷ್ಟರಲ್ಲೇ 36 ಖಾಲಿ. ಭಾನುವಾರದ ಕೋಳಿ ಸಾರಿನವರಿಗೆ ಅಂತ ಇನ್ನೊಂದು 24 ಕೈಯಲ್ಲಿರಲಿ. ಅಂದರೆ 60 ಉಳಿದಾಗಲೇ ಫೋನ್ ಮಾಡಬೇಕು, 20ಕ್ಕೆ ಇಳಿದ ಮೇಲಲ್ಲ. ಹಾಗಂತ ಹೆದರಿ 300 ತಂದಿಟ್ಟರೂ ಕಷ್ಟ. ನಮ್ಮ ಮಳೆಗಾಲದ ಗಾಳಿಗೆ ಪ್ಯಾಕೆಟಿನಲ್ಲಿ ಸೂಜಿಯಷ್ಟು ತೂತಿದ್ದರೂ ಸಾಕು, ರೊಟ್ಟಿ ಮೆತ್ತಗಾಗಿ ಮುರಿದರೆ ಸದ್ದೇ ಬರುವುದಿಲ್ಲ, ಗಿರಾಕಿ ಅದನ್ನು ವಾಪಸ್ ತಂದು ಕೌಂಟರ್ ಮೇಲಿಟ್ಟು ಏನೂ ಹೇಳದೆ ನನ್ನ ಮುಖ ನೋಡುತ್ತಾರೆ.

ಹಲಸಿನ ಹಪ್ಪಳದ ಕಥೆಯೇ ಬೇರೆ. ಹಲಸು ಬಲಿಯಬೇಕು, ಮಳೆ ಹಿಡಿಯುವ ಮೊದಲು ಹಪ್ಪಳ ಬಿಸಿಲಿಗೆ ಒಣಗಬೇಕು. ಮೇ ಮುಗಿದರೆ ಮುಗಿಯಿತು. ಸೆಪ್ಟೆಂಬರಿನಲ್ಲಿ ಖಾಲಿಯಾದರೆ ಯಾರಿಗೆ ಫೋನ್ ಮಾಡುವುದು ಮಾರಾಯ್ರೆ? ಇಂಥದ್ದಕ್ಕೆ 20 ಅಂತ ಹಾಕಿದ್ದು ನೆನೆದರೆ ಈಗ ನಗು ಬರುತ್ತದೆ. ಬೇಸಿಗೆಯಲ್ಲೇ ವರ್ಷದ್ದು ಕೊಂಡು, ತಿಂಗಳಿಗೆ ಇಷ್ಟೇ ಅಂತ ರ‍್ಯಾಕಿಗೆ ಇಳಿಸುತ್ತೇನೆ. ಬಾಟಲಿಗೂ ಹಾಗೆಯೇ, ಜೂನ್ ಬರುವ ಮೊದಲೇ ಘಟ್ಟ ಇಳಿದು ಬಂದಿರಬೇಕು.

ಇನ್ನೊಂದು ಮಜಾ. ಹೋದ ವರ್ಷ ಇದೇ ತಿಂಗಳು ಎಷ್ಟು ಮಾರಿದ್ದೆವು ಅಂತ ನೋಡಿ ಸಾಫ್ಟ್‌ವೇರೇ ಆರ್ಡರ್ ಹೇಳುತ್ತದೆ. 2025ರ ಜನವರಿಗೆ ಅದು ಹೇಳಿದ ಲೆಕ್ಕ ನೋಡಿ ಗಾಬರಿಯಾದೆ. ಆಮೇಲೆ ಹೊಳೆಯಿತು: 2024ರ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ ಇತ್ತು, ರಥಬೀದಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪರ್ಯಾಯ ಬರುವುದು ಎರಡು ವರ್ಷಕ್ಕೊಮ್ಮೆ ಅಂತ ಅದಕ್ಕೆ ಹೇಳುವವರು ಯಾರು ಅಲ್ವಾ? ಈಗ ಜನವರಿಗೆ ಮಾತ್ರ ಎರಡು ವರ್ಷ ಹಿಂದಿನ ಪುಟ ತೆಗೆಯುತ್ತೇನೆ.

ಲೆಕ್ಕ ಎಷ್ಟೇ ಸರಿ ಇದ್ದರೂ ಕೈಯಾರೆ ಎಣಿಸದಿದ್ದರೆ ಆಗುವುದಿಲ್ಲ. ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಒಮ್ಮೆ ಹಲಸಿನ ಹಪ್ಪಳ ಸೊನ್ನೆ ಅಂತ ಕಂಪ್ಯೂಟರ್ ತೋರಿಸಿತು, ನಾನೂ ಮೂವರಿಗೆ ಇಲ್ಲ ಅಂದೆ. ಹಿಂದಿನ ರ‍್ಯಾಕ್ ಸರಿಸಿದರೆ 18 ಕಟ್ಟು! ರಶ್ಶಿನಲ್ಲಿ ಅಕ್ಕಿ ಹಪ್ಪಳ ಮಾರಿದ್ದಕ್ಕೂ ಹಲಸಿನದ್ದೇ ಕೋಡ್ ಒತ್ತಿದ್ದೆವು. ಅಂದಿನಿಂದ ಪ್ರತಿ ಮಂಗಳವಾರ ಮಧ್ಯಾಹ್ನ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ, ಜಾಸ್ತಿ ಓಡುವ ಹತ್ತು ಐಟಂ ಎಣಿಸುತ್ತೇನೆ. ಉಳಿದದ್ದು ತಿಂಗಳಿಗೊಮ್ಮೆ. ಹೊಸ ಮಾಲು ಬಂದರೆ ಹಿಂದಕ್ಕೆ, ಹಳೆಯದು ಮುಂದಕ್ಕೆ.

ಆ 18 ಕಟ್ಟಿನಲ್ಲಿ ಕೆಳಗಿನ ಎರಡಕ್ಕೆ ಬೂಷ್ಟು ಹಿಡಿದಿತ್ತು, ಬಿಸಾಡಿದೆ. ಉಳಿದವು ಚೆನ್ನಾಗಿಯೇ ಇದ್ದವು, ಆದರೂ ಮಾರಲು ಮನಸ್ಸು ಬರಲಿಲ್ಲ. ದೀಪಾವಳಿವರೆಗೂ ನಮ್ಮ ಮನೆಯಲ್ಲಿ ಗಂಜಿಗೆ ಅದೇ ಹಪ್ಪಳ.